ಚಿತ್ರಬಂಧವೂ ವಿಡಿಯೋ ಆಟವೂ

ಇಂದ್ರನನ್ನು ಮುಂದಿಟ್ಟುಕೊಂಡು ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೂ ಕಿವಿಗೂ ವಿಷಯವಾಗತಕ್ಕ ಒಂದು ‘ಕ್ರೀಡನೀಯಕ’ವನ್ನು ತಮಗೆ ಅನುಗ್ರಹಿಸಬೇಕೆಂದು ಬೇಡಿದರೆಂದು ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ಹೇಳಿದೆ. ಕ್ರೀಡನೀಯಕವೆಂದರೆ ಆಟದ ವಸ್ತು ಎಂದಷ್ಟೇ ಅರ್ಥ. ಅವರು ಬೇಡಿದುದು ಆಟಿಕೆಯನ್ನು, ದೊರೆತುದು ನಾಟ್ಯವೇದ. ಕಾಲಕ್ರಮದಲ್ಲಿ ನಾಟ್ಯವು ದೃಶ್ಯಕಾವ್ಯವೆಂಬ ಗೌರವಕ್ಕೆ ಪಾತ್ರವಾಗಲು, ಅದರ ಮೊದಲ ಹೆಸರು ವ್ಯಾಖ್ಯಾನಗಳಲ್ಲಿ ಮಾತ್ರ ಉಳಿಯಿತು. ಕಳೆದ ಐವತ್ತು ವರ್ಷಗಳಿಂದೀಚೆಗೆ ದೃಶ್ಯವೂ ಶ್ರವ್ಯವೂ ಆಗಿದ್ದು ನಿಜವಾಗಿಯೂ ಆಟಿಕೆಯೇ ಆಗಿರುವ ವಸ್ತುವೊಂದು ಲೋಕದಲ್ಲಿ ಪ್ರಚುರವಾಗಿರುವುದು. ವಿಡಿಯೋ ಆಟವೆಂದು ಅದನ್ನು ಕರೆಯುತ್ತಾರೆ. ಇದನ್ನು ಬಾಲರ ಹಾವಳಿಯೆಂದು ತಳ್ಳಿಬಿಡುವುದು ಸುಲಭ. ಆದರೆ ಪರೀಕ್ಷಿಸದೆ ತಿರಸ್ಕರಿಸುವುದು ಶಾಸ್ತ್ರಮರ್ಯಾದೆಯಲ್ಲ. ಈ ಆಟಗಳಲ್ಲಿ ಕೆಲವು ಪ್ರೌಢರ ಬುದ್ಧಿಯನ್ನೂ ಗಂಟೆಗಟ್ಟಲೆ ಹಿಡಿದು ನಿಲ್ಲಿಸುವುವು. ಅದಕ್ಕೆ ಕಾರಣವೇನೆಂಬುದೂ, ಆ ಸುಖವು ಯಾವ ಜಾತಿಯದೆಂಬುದೂ ವಿಚಾರಾರ್ಹವಾಗಿದೆ.

ವಿಡಿಯೋ ಆಟಗಳು ಅನೇಕ ವಿಧ. ಓಟ, ಗುಂಡಿನ ಕಾಳಗ, ಕಥೆಯ ಮೆರವಣಿಗೆ ಮೊದಲಾದವು ಇಲ್ಲಿ ಪ್ರಕೃತವಲ್ಲ. ಸೇನೆಯನ್ನು ಮನೆಮನೆಯಾಗಿ ನಡೆಸುವ ವ್ಯೂಹದ ಆಟ, ಒಗಟನ್ನು ಬಿಡಿಸುವ ಆಟ, ಹಳೆಯ ಯಂತ್ರಗಳ ಒರಟು ಚಿತ್ರಶೈಲಿಯನ್ನು ಬೇಕೆಂದೇ ಉಳಿಸಿಕೊಂಡಿರುವ ರೆಟ್ರೋ ಎಂಬ ಆಟ, ಈ ಮೂರೇ ಇಲ್ಲಿ ವಿಷಯ. ಇವುಗಳಲ್ಲಿ ವರ್ಣವೈಭವವಿಲ್ಲ, ಕಥೆಯೂ ಬಹುಮಟ್ಟಿಗೆ ನೆಪಮಾತ್ರ. ಹಾಗಿದ್ದೂ ಇವು ರುಚಿಸುವುವೆಂದಮೇಲೆ ರುಚಿಯ ಬೇರನ್ನು ಬೇರೆಡೆಯಲ್ಲಿಯೇ ಹುಡುಕಬೇಕು.

ಇಂಥ ಹುಡುಕಾಟಕ್ಕೆ ಕಲಬುರಗಿಯ ಸೀಮೆಯು ಅನುಚಿತವಾದ ಸ್ಥಳವಲ್ಲ. ನಗರದ ಉತ್ತರಕ್ಕೆ ಹುಮನಾಬಾದಿನ ದಾರಿಯಲ್ಲಿ ಕಪನೂರವಿದೆ. ಈಗ ಅದು ಕೈಗಾರಿಕಾ ಪ್ರದೇಶವೆಂದೂ ತೊಗರಿಬೇಳೆಯ ಗಿರಣಿಗಳ ಊರೆಂದೂ ಪ್ರಸಿದ್ಧ. ಅದೇ ದಾರಿಯಲ್ಲಿ ಮುಂದಕ್ಕೆ ಹೋದರೆ ಕಮಲಾಪುರವು ಸಿಕ್ಕುವುದು. ಅಲ್ಲಿಂದ ಮುಂದೆ ಪಶ್ಚಿಮಚಾಲುಕ್ಯರ ಕಲ್ಯಾಣಕ್ಕೂ ದಾರಿಯುಂಟು. ಕಪನೂರದಿಂದ ತಿರುಗಿ ಆಗ್ನೇಯಕ್ಕೆ ಹೊರಟರೆ ಒಂದು ಹಗಲಿನೊಳಗೆ ಹೋಗಿಬರಬಹುದಾದಷ್ಟು ದೂರದಲ್ಲಿ, ಕಾಗಿಣಾ ನದಿಯ ದಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಕವಿರಾಜಮಾರ್ಗವು ಹುಟ್ಟಿತು; ಅದರ ಎರಡನೆಯ ಪರಿಚ್ಛೇದವೆಲ್ಲವೂ ಶಬ್ದಾಲಂಕಾರಗಳಿಗೆ ಮೀಸಲು. ಅದೇ ಅರಸನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿ, ಲೆಕ್ಕವನ್ನು ದುಂಬಿಗಳ ಹಿಂಡು, ಆನೆಗಳ ಗುಂಪು, ಪ್ರಣಯಕಲಹದಲ್ಲಿ ಹರಿದ ಮುತ್ತಿನ ಹಾರ ಮುಂತಾದ ಒಗಟುಗಳ ವೇಷದಲ್ಲಿ ತಂದು ನಿಲ್ಲಿಸಿದನು. ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ಬರೆದು, ಅದರ ಐದನೆಯ ವಿಂಶತಿಯನ್ನು ಕ್ರೀಡೆಗಳಿಗೇ ಕೊಟ್ಟಿರುವನು. ಪ್ರಹೇಲಿಕೆ, ಚದುರಂಗ, ಪಗಡೆಯ ದಾಳ, ಕವಡೆ ಇವೆಲ್ಲವೂ ಅಲ್ಲಿ ಒಂದರ ಪಕ್ಕದಲ್ಲೊಂದು ಕುಳಿತಿವೆ. ಒಗಟನ್ನೂ ವ್ಯೂಹವನ್ನೂ ಅಕ್ಕಪಕ್ಕದಲ್ಲಿ ಇರಿಸಿದ ಈ ಅರಸನ ವಿಂಗಡಣೆಯು ಮುಂದಿನ ವಿಚಾರಕ್ಕೆ ಉಪಯುಕ್ತವಾದುದು. ನಾಲ್ಕನೆಯ ವಿಂಶತಿಯಲ್ಲಿ ಬರುವ ವಿನೋದಗಳು ಬಹುಮಟ್ಟಿಗೆ ಅರಸನು ಕುಳಿತು ನೋಡತಕ್ಕವು, ಐದನೆಯದರ ಕ್ರೀಡೆಗಳು ಅವನು ತಾನೇ ಇಳಿದು ಮಾಡತಕ್ಕವು, ಎಂಬ ಭೇದವನ್ನೂ ಗಮನಿಸಬೇಕು.

ಇನ್ನು ಪೂರ್ವಪಕ್ಷ. ಒಗಟಿನಲ್ಲಿಯೂ ಬಂಧದಲ್ಲಿಯೂ ಹುಟ್ಟುವ ಚಮತ್ಕಾರವನ್ನು ಆಲಂಕಾರಿಕರು ಗೌರವಿಸಲಿಲ್ಲ. ದಂಡಿಯು ಪ್ರಹೇಲಿಕೆಗೆ ಕ್ರೀಡಾಗೋಷ್ಠಿಯ ವಿನೋದದಲ್ಲಿಯೂ ಗುಟ್ಟಿನ ಮಾತಿನಲ್ಲಿಯೂ ಉಪಯೋಗವನ್ನು ಹೇಳಿ ಕೈಬಿಟ್ಟನು. ಆನಂದವರ್ಧನನು ಚಿತ್ರವನ್ನು ಕಾವ್ಯದ ಅನುಕರಣವೆಂದನು. ಮಮ್ಮಟನು ಅದನ್ನು ಅಧಮಪಂಕ್ತಿಯಲ್ಲಿ ಕುಳ್ಳಿರಿಸಿ, ಇದು ಕಷ್ಟಕಾವ್ಯವಾದುದರಿಂದ ದಿಕ್ಕನ್ನು ಮಾತ್ರ ತೋರಿಸುವೆನೆಂದು ಮುಗಿಸಿದನು. ಪ್ರಹೇಲಿಕೆಯು ರಸಕ್ಕೆ ಅಡ್ಡಿಯಾದುದರಿಂದ ಅಲಂಕಾರವೇ ಅಲ್ಲವೆಂಬುದು ವಿಶ್ವನಾಥನ ಮತ. ಹೀಗಿರಲು, ಅಕ್ಷರದ ಒಗಟೇ ಅಧಮವಾದಮೇಲೆ ಗಾಜಿನ ಮೇಲಿನ ಒಗಟಿನ ಗತಿಯೇನು, ಎಂದು ಆಕ್ಷೇಪಿಸಬಹುದು.

ಇದಕ್ಕೆ ಸಮಾಧಾನವು ತುರಗಬಂಧದಲ್ಲಿಯೇ ಇದೆ. ಚದುರಂಗದ ಕುದುರೆಯು ಎರಡು ಮನೆ ನೇರವಾಗಿ, ಒಂದು ಮನೆ ಪಕ್ಕಕ್ಕೆ ಹಾರುವುದಷ್ಟೆ. ಹೀಗೆ ಹಾರುತ್ತ ಪ್ರತಿಯೊಂದು ಮನೆಯನ್ನೂ ಒಂದೇ ಒಂದು ಸಲ ಮೆಟ್ಟಬೇಕು. ಮೆಟ್ಟಿದ ಮನೆಗಳ ಅಕ್ಷರಗಳು ಕೂಡಿ ಶ್ಲೋಕವಾಗಬೇಕು. ಕಾಶ್ಮೀರದ ರುದ್ರಟನು ಅರ್ಧಹಾಸಿನ ಮೂವತ್ತೆರಡು ಮನೆಗಳಲ್ಲಿ, ಸಾಲಾಗಿ ಓದಿದರೂ ಕುದುರೆಯ ನಡೆಯಲ್ಲಿ ಓದಿದರೂ ಅದೇ ಶ್ಲೋಕ ಬರುವಂತೆ ಕಟ್ಟಿದನು. ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿ, ಒಂದು ಶ್ಲೋಕವನ್ನು ಕುದುರೆಯ ನಡೆಯಲ್ಲಿ ಓದಿದರೆ ಇನ್ನೊಂದು ಶ್ಲೋಕವು ಹೊರಡುವಂತೆ ರಚಿಸಿದರು. ಯೂರೋಪಿನಲ್ಲಿ ಆಯ್ಲರನು ಈ ಸಮಸ್ಯೆಯನ್ನು ಗಣಿತದ ದೃಷ್ಟಿಯಿಂದ ವಿಚಾರಿಸಿದುದು 1759ರಲ್ಲಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದೇ ಕುದುರೆಯನ್ನು ಬೆನ್ನಟ್ಟಿ, ನಾನಾ ವಿಧದ ಹಾಸುಗಳನ್ನೂ ಗಂಜೀಫಾ ಎಲೆಗಳ ಹೊಸ ಕಟ್ಟುಗಳನ್ನೂ ಕಲ್ಪಿಸಿದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯು ಈ ಜಾತಿಯ ವಿಷಯಗಳದು.

ಇಲ್ಲಿ ಪ್ರಶ್ನಿಸಬೇಕಾದುದು ಶ್ರಮವು ಯಾರದೆಂಬುದನ್ನು. ತುರಗಬಂಧದಲ್ಲಿ ಶ್ರಮವೆಲ್ಲವೂ ಕವಿಯದು. ಓದುವವನು ಬೆರಳಿಟ್ಟು ಮನೆಗಳನ್ನು ಎಣಿಸಿ, ಹೌದು ಸರಿಯಾಗಿದೆ, ಎಂದು ತಲೆದೂಗುವನು. ಅವನು ಪರೀಕ್ಷಕನೇ ಹೊರತು ಭಾಗಿಯಲ್ಲ. ಆದುದರಿಂದಲೇ ಅವನಿಗೆ ಆಗುವುದು ವಿಸ್ಮಯ, ಅದೂ ಕ್ಷಣಿಕ. ಆಲಂಕಾರಿಕರ ತೀರ್ಪು ಈ ಓದುವವನ ಅನುಭವವನ್ನು ಕುರಿತದ್ದು. ಕಟ್ಟಿದವನ ಅನುಭವವನ್ನು ಅವರು ವಿಚಾರಿಸಲಿಲ್ಲ. ವಿಚಾರಿಸಬೇಕಾದ ಪ್ರಸಂಗವೂ ಇರಲಿಲ್ಲ. ಮೂವತ್ತೊಂದು ಮನೆಗಳನ್ನು ತುಂಬಿ ಕೊನೆಯ ಅಕ್ಷರವು ತಾನಾಗಿ ಬಂದು ಕುಳಿತಾಗ ಕವಿಗೆ ಆದ ಸುಖವೇ ಬೇರೆ. ವಿಡಿಯೋ ಆಟದ ವಿಶೇಷವೆಂದರೆ, ಅದು ಬಂಧವನ್ನು ಕಟ್ಟಿ ತೋರಿಸದೆ, ಹಾಸನ್ನೂ ನಿಯಮವನ್ನೂ ಕೊಟ್ಟು ಕಟ್ಟುವವನ ಸುಖವನ್ನೇ ಆಡುವವನಿಗೆ ಹಂಚುವುದು. ಸೋಮೇಶ್ವರನ ಭಾಷೆಯಲ್ಲಿ ಹೇಳುವುದಾದರೆ, ವಿನೋದವು ಕ್ರೀಡೆಯಾಯಿತು. ಮಮ್ಮಟನ ಮಾತು ಈ ಎಡೆಯಲ್ಲಿ ಪ್ರವರ್ತಿಸುವುದಿಲ್ಲ.

ಹಾಗಾದರೆ ಕಟ್ಟುವವನ ಸುಖಕ್ಕೆ ಮೂಲವೇನು? ಒಂದು ಉದಾಹರಣೆಯನ್ನು ಹಿಡಿದು ನೋಡಬಹುದು. ಜಪಾನಿನ ಹಿರೊಯುಕಿ ಇಮಾಬಯಾಶಿ ಎಂಬವರು 1981ರಲ್ಲಿ ‘ಸೊಕೊಬಾನ್’ ಎಂಬ ಆಟವನ್ನು ಕಲ್ಪಿಸಿದರು. ಮರುವರ್ಷ ಅದು ಪ್ರಕಟವಾಯಿತು. ಸೊಕೊಬಾನ್ ಎಂದರೆ ಉಗ್ರಾಣದ ಕಾವಲಿನವನು. ಮೇಲಿನಿಂದ ಕಾಣುವ ಒಂದು ಗೋದಾಮು. ಅದರಲ್ಲಿ ಕೆಲವು ಪೆಟ್ಟಿಗೆಗಳು. ಅವುಗಳನ್ನು ಗುರುತು ಹಾಕಿದ ಮನೆಗಳಿಗೆ ಸೇರಿಸಬೇಕು. ಕಾವಲಿನವನು ಪೆಟ್ಟಿಗೆಯನ್ನು ತಳ್ಳಬಲ್ಲನು, ಎಳೆಯಲಾರನು. ಒಂದು ಸಲಕ್ಕೆ ಒಂದನ್ನೇ ತಳ್ಳಬಲ್ಲನು. ಇಷ್ಟೇ ನಿಯಮ. ಕಪನೂರದ ಗಿರಣಿಯ ಗೋದಾಮಿನಲ್ಲಿ ತೊಗರಿಯ ಚೀಲಗಳನ್ನು ಜೋಡಿಸುವ ಹಮಾಲನು ಇದನ್ನು ಕಂಡರೆ ನಗದೆ ಇರನು. ಎಳೆಯಬಾರದೆಂದು ತಡೆದವರಾರು, ಎತ್ತಿ ಹೆಗಲಿಗೆ ಹಾಕಿಕೊಂಡರೆ ತೀರಿತಲ್ಲವೆ, ಎಂದು ಕೇಳಿಯಾನು. ಆ ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಮೀಮಾಂಸಕರು ಕೊಟ್ಟಿರುವರು. ಯಜ್ಞದಲ್ಲಿ ಬತ್ತವನ್ನು ಕುಟ್ಟಿಯೇ ಅಕ್ಕಿ ಮಾಡಬೇಕೆಂಬುದು ವಿಧಿ. ಉಗುರಿನಿಂದ ಸುಲಿದರೂ ಹೊಟ್ಟು ಹೋಗುವುದು, ಆದರೂ ಕುಟ್ಟಬೇಕು. ಇದು ನಿಯಮವಿಧಿ; ಹೊಟ್ಟು ಹೋಗುವುದು ದೃಷ್ಟಫಲವಾದರೆ, ಕುಟ್ಟಿಯೇ ತೆಗೆಯುವ ನಿಯಮದಿಂದ ಬೇರೊಂದು ಅಪೂರ್ವವು ಹುಟ್ಟುವುದೆಂದು ಅವರ ಸಿದ್ಧಾಂತ. ಸೊಕೊಬಾನಿನಲ್ಲಿ ಪೆಟ್ಟಿಗೆಯು ಗುರುತಿನ ಮನೆಯನ್ನು ಸೇರುವುದು ದೃಷ್ಟಫಲ. ಅದರಿಂದ ಯಾರಿಗೂ ಮೂರು ಕಾಸಿನ ಲಾಭವಿಲ್ಲ. ಸುಖವು ತಳ್ಳಿಯೇ ಸೇರಿಸುವ ನಿಯಮದಿಂದ ಹುಟ್ಟತಕ್ಕ ಅಪೂರ್ವ. ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞನು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅನಾವಶ್ಯಕವಾದ ಅಡ್ಡಿಗಳನ್ನು ತಾನಾಗಿ ಒಪ್ಪಿಕೊಂಡು ದಾಟುವುದೇ ಆಟದ ಲಕ್ಷಣವೆಂದು ಹೇಳಿರುವನು. ಜೈಮಿನಿಯ ಹೆಸರನ್ನು ಕೇಳದೆ ಈತನು ನಿಯಮಾಪೂರ್ವದ ಹೊಸ್ತಿಲಿಗೆ ಬಂದು ನಿಂತಂತಾಯಿತು.

ಸೊಕೊಬಾನಿನ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರೆ, ಆ ಮೂಲೆಯೇ ಗುರುತಿನ ಮನೆಯಾಗಿಲ್ಲದಿದ್ದರೆ, ಅದು ಮತ್ತೆ ಹೊರಗೆ ಬಾರದು. ಎರಡೇ ನಿಯಮಗಳುಳ್ಳ ಈ ಆಟವು ಗಣಕಶಾಸ್ತ್ರದಲ್ಲಿ ಪಿಸ್ಪೇಸ್ ಎಂದು ಹೆಸರಾದ ಅತಿಕಠಿನ ಸಮಸ್ಯೆಗಳ ವರ್ಗಕ್ಕೆ ಸೇರಿದುದೆಂದು 1997ರಲ್ಲಿ ಸಿದ್ಧಪಟ್ಟಿತು. ಸೂತ್ರವು ಚಿಕ್ಕದು, ಅದರ ಪ್ರಸ್ತಾರವು ಅಪಾರ. ಛಂದಶ್ಶಾಸ್ತ್ರವನ್ನು ಓದಿದವರಿಗೆ ಇದು ಹೊಸ ಅನುಭವವಲ್ಲ. ಲಘು ಗುರುಗಳೆಂಬ ಎರಡರಿಂದಲೇ ವೃತ್ತಗಳ ಸಮುದ್ರವು ಹೊರಡುವುದಷ್ಟೆ.

ನಿಯಮವಿದ್ದಮಾತ್ರಕ್ಕೆ ಸುಖವಾಗುವುದೆಂದು ಹೇಳಲಾಗದು. ಸರ್ಕಾರಿ ಕಚೇರಿಗಳಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಅಲ್ಲಿ ಕ್ರೀಡಾಸುಖವನ್ನು ಕಂಡವರಿಲ್ಲ. ಎರಡನೆಯ ಅಂಗವೊಂದು ಬೇಕು. ಅದು ಸೋಲಿನ ನ್ಯಾಯ. ಗೌತಮನ ನ್ಯಾಯಸೂತ್ರದಲ್ಲಿ ವಾದಿಯು ಸೋಲತಕ್ಕ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ಮೊದಲೇ ಪಟ್ಟಿಮಾಡಿಟ್ಟಿದೆ. ಸಭೆಯಲ್ಲಿ ಕುಳಿತವರಿಗೂ, ಎದುರಾಳಿಗೂ, ಸೋತವನಿಗೂ ಸೋಲಿನ ಹೆಸರು ಗೊತ್ತು. ಆದುದರಿಂದಲೇ ಸೋತವನು ಮನೆಗೆ ಹೋಗಿ ಗ್ರಂಥವನ್ನು ಬಿಚ್ಚುವನು, ಮಧ್ಯಸ್ಥನನ್ನು ಬೈಯುವುದಿಲ್ಲ. ಒಳ್ಳೆಯ ಆಟವು ಇಂಥ ಸಭೆ. ಕೆಟ್ಟ ಆಟದಲ್ಲಿ ನಿಗ್ರಹಸ್ಥಾನವು ಗುಪ್ತವಾಗಿರುವುದು.

2018ರಲ್ಲಿ ಪ್ರಕಟವಾದ ‘ಇನ್‌ಟು ದಿ ಬ್ರೀಚ್’ ಎಂಬ ಆಟವು ಈ ವಿಷಯಕ್ಕೆ ಉತ್ತಮ ನಿದರ್ಶನ. ಅದರ ಹಾಸು ಎಂಟಕ್ಕೆಂಟು, ಅಂದರೆ ಚದುರಂಗದ ಅರುವತ್ತನಾಲ್ಕು ಮನೆಗಳೇ. ಆಡುವವನ ಕಡೆ ಸಾಮಾನ್ಯವಾಗಿ ಮೂರು ಯಂತ್ರಪುರುಷರು. ಎದುರಿಗೆ ಹುಳುಗಳ ರೂಪದ ಶತ್ರುಗಳು. ನಡುವೆ ಜನರಿರುವ ಕಟ್ಟಡಗಳು, ಅವುಗಳಿಗೆ ಪೆಟ್ಟು ಬೀಳಬಾರದು. ಪ್ರತಿಯೊಂದು ಶತ್ರುವೂ ತಾನು ಮುಂದೆ ಯಾವ ಮನೆಯ ಮೇಲೆ ಪೆಟ್ಟುಹಾಕುವೆನೆಂಬುದನ್ನು ಮೊದಲೇ ತೋರಿಸಿ ನಿಲ್ಲುವುದೇ ಈ ಆಟದ ಜೀವಾಳ. ತೋರಿಸಿದ ಮೇಲೆ ಆಡುವವನ ಸರದಿ. ಎಲ್ಲವನ್ನೂ ಕೊಲ್ಲುವಷ್ಟು ಬಲವು ಅವನಿಗಿಲ್ಲ. ಆದರೆ ಶತ್ರುವನ್ನು ಒಂದು ಮನೆ ಪಕ್ಕಕ್ಕೆ ತಳ್ಳಬಲ್ಲನು. ತಳ್ಳಿದರೆ ಆ ಪೆಟ್ಟು ಕಟ್ಟಡವನ್ನು ಬಿಟ್ಟು ಬರಿಯ ನೆಲಕ್ಕೆ, ಅಥವಾ ಇನ್ನೊಂದು ಶತ್ರುವಿನ ತಲೆಗೆ ಬೀಳುವುದು. ಸೊಕೊಬಾನಿನ ತಳ್ಳಾಟವೇ ಇಲ್ಲಿ ರಣತಂತ್ರವಾಗಿ ಪರಿಣಮಿಸಿರುವುದನ್ನು ನೋಡಬಹುದು. ಸಂಗತಿಗಳೆಲ್ಲವೂ ಬಯಲಿನಲ್ಲಿವೆ, ಗುಪ್ತವಾಗಿರುವುದು ಅವುಗಳ ಪರಿಣಾಮವೊಂದೇ, ಅದೂ ಯೋಚಿಸಿದರೆ ಕಾಣತಕ್ಕದ್ದು. ಉಪಾಯವೇ ಇಲ್ಲವೆಂದು ತೋರಿದ ಸ್ಥಿತಿಯಲ್ಲಿ ಹತ್ತು ನಿಮಿಷ ಸುಮ್ಮನೆ ಹಾಸನ್ನು ನೋಡುತ್ತ ಕುಳಿತವನಿಗೆ, ಒಂದೇ ತಳ್ಳುವಿಕೆಯಿಂದ ಎರಡು ಪೆಟ್ಟುಗಳು ತಪ್ಪುವ ದಾರಿಯು ಥಟ್ಟನೆ ಹೊಳೆದಾಗ ಆಗುವ ಅನುಭವಕ್ಕೆ ಚಮತ್ಕಾರವೆಂಬ ಶಬ್ದವು ಸ್ವಲ್ಪವೂ ಅತಿಶಯವಲ್ಲ. ಕಟ್ಟಡಕ್ಕೆ ಬಿದ್ದ ಪೆಟ್ಟು ಕೆಲವು ಸಲ ಆಕಸ್ಮಿಕವಾಗಿ ತಾಗದೆ ಹೋಗುವಂತೆಯೂ ಆ ಆಟದಲ್ಲಿ ಏರ್ಪಾಡಿದೆ. ಅದು ಆಡುವವನಿಗೆ ಅನುಕೂಲವೇ. ಆದರೂ ವ್ಯೂಹಶುದ್ಧಿಯ ದೃಷ್ಟಿಯಿಂದ ಅದೊಂದು ಕಲೆಯೇ ಸರಿ. ದಯೆಯಿಂದ ಬಂದ ಗೆಲುವಿನಲ್ಲಿ ಉಪ್ಪಿಲ್ಲ.

ಇದರಿಂದ ದೈವಕ್ಕೆ, ಎಂದರೆ ಆಕಸ್ಮಿಕಕ್ಕೆ, ಆಟದಲ್ಲಿ ಸ್ಥಾನವೇ ಇಲ್ಲವೆಂದು ಭಾವಿಸಕೂಡದು. ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನು ಎಸೆಯುವರು, ಬಿದ್ದುದು ದೈವಾಧೀನ. ಆದರೆ ಬಿದ್ದ ಮೇಲೆ ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಬೇಕು, ಯಾವುದನ್ನು ಕಟ್ಟೆಯ ಮನೆಯಲ್ಲಿ ಉಳಿಸಬೇಕು, ಎಂಬುದು ಪುರುಷಪ್ರಯತ್ನ. ದೈವವು ಮೊದಲು, ಬುದ್ಧಿಯು ಅನಂತರ. ಮಾಸ್ಕೋ ನಗರದಲ್ಲಿ ಅಲೆಕ್ಸೀ ಪಜಿತ್ನೋವ್ 1984ರಲ್ಲಿ ಕಲ್ಪಿಸಿದ ‘ಟೆಟ್ರಿಸ್’ ಆಟದಲ್ಲಿಯೂ ಇದೇ ಕ್ರಮ. ನಾಲ್ಕು ನಾಲ್ಕು ಚೌಕಗಳ ಏಳು ಬಗೆಯ ಕಾಯಿಗಳಲ್ಲಿ ಯಾವುದು ಬೀಳುವುದೆಂಬುದು ದೈವ, ಅದನ್ನು ಎಲ್ಲಿ ಕೂರಿಸಬೇಕೆಂಬುದು ಆಡುವವನ ಪಾಲು. ಈಚಿನ ಟೆಟ್ರಿಸ್‌ಗಳಲ್ಲಿ ಏಳನ್ನೂ ಚೀಲದಲ್ಲಿ ಹಾಕಿ ಒಂದೊಂದಾಗಿ ತೆಗೆದಂತೆ ಕೊಡುವರು. ದೈವಕ್ಕೂ ಒಂದು ಮೂಗುದಾರ ಬಿದ್ದಿದೆ. ಇದಕ್ಕೆ ಪ್ರತಿಯಾಗಿ 2012ರ ‘ಎಕ್ಸ್‌ಕಾಮ್’ ಆಟದಲ್ಲಿ ಆಡುವವನು ಚೆನ್ನಾಗಿ ಯೋಚಿಸಿ ಸೈನಿಕನನ್ನು ನಿಲ್ಲಿಸಿ ಗುಂಡು ಹಾರಿಸಿದ ಮೇಲೆ ದಾಳವು ಉರುಳುವುದು. ನೂರಕ್ಕೆ ತೊಂಬತ್ತೈದು ಪಾಲು ತಾಗುವುದೆಂದು ತೋರಿಸಿದ ಗುಂಡೂ ಕೆಲವು ಸಲ ತಪ್ಪುವುದು. ಗಣಿತದಲ್ಲಿ ಇದು ತಪ್ಪಲ್ಲ. ಯುದ್ಧದ ಅನಿಶ್ಚಯವನ್ನು ತೋರಿಸಲು ಇದೇ ತಕ್ಕ ಮಾರ್ಗವೆಂದು ವಾದಿಸುವವರೂ ಉಂಟು. ಆದರೆ ಬುದ್ಧಿಯ ಕೆಲಸವು ಮುಗಿದ ಮೇಲೆ ಬಂದು ಅದನ್ನು ಕೆಡಿಸುವ ದೈವವು ಸಭೆಯಲ್ಲಿ ತೀರ್ಪಾದ ಅನಂತರ ನಾಣ್ಯವನ್ನು ಚಿಮ್ಮಿದಂತೆ.

ಇನ್ನೂ ಕೆಟ್ಟದು ‘ಮೈನ್‌ಸ್ವೀಪರ್’ ಆಟದ ದೋಷ. 1992ರಿಂದ ವಿಂಡೋಸ್ ಗಣಕಯಂತ್ರಗಳ ಜತೆಯಲ್ಲಿಯೇ ಬರುತ್ತಿದ್ದ ಈ ಆಟವನ್ನು ಕಚೇರಿಗಳಲ್ಲಿ ಕದ್ದು ಆಡದವರು ವಿರಳ. ಮನೆಯೊಂದನ್ನು ತೆರೆದರೆ ಸುತ್ತಲ ಎಂಟು ಮನೆಗಳಲ್ಲಿ ಎಷ್ಟು ಸಿಡಿಗುಂಡುಗಳಿವೆಯೆಂಬ ಅಂಕಿಯು ಕಾಣುವುದು. ಅಂಕಿಗಳಿಂದ ಗುಂಡಿರುವ ಮನೆಗಳನ್ನು ಅನುಮಾನಿಸಬೇಕು. ವ್ಯಾಪ್ತಿ, ಲಿಂಗ, ಪರಾಮರ್ಶಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನವು ದುರ್ಲಭ. ಆದರೆ ಕೊನೆಯಲ್ಲಿ ಎರಡು ಮನೆಗಳು ಉಳಿದು, ಗುಂಡು ಇದರಲ್ಲಿಯೂ ಇರಬಹುದು ಅದರಲ್ಲಿಯೂ ಇರಬಹುದು, ಎಂಬಂಥ ಸ್ಥಿತಿಯು ಎಷ್ಟೋ ಸಲ ಬರುವುದು. ಅರ್ಧ ಗಂಟೆಯ ಅನುಮಾನವು ಒಂದು ಊಹೆಯಲ್ಲಿ ಮುಗಿಯುವುದು. ಸಂದೇಹದಲ್ಲಿ ಕೊನೆಗಾಣುವ ಅನುಮಾನವನ್ನು ಯಾವ ನೈಯಾಯಿಕನು ಒಪ್ಪಿಯಾನು?

ಮೂರನೆಯದಾದ ರೆಟ್ರೋ ಶೈಲಿಯ ವಿಚಾರಕ್ಕೆ ಬಂದರೆ, ಇದನ್ನು ಬಾಲ್ಯದ ಹಂಬಲವೆಂದು ವಿವರಿಸುವುದು ವಾಡಿಕೆ. 1997ರಲ್ಲಿ ನೋಕಿಯಾ ಫೋನಿನಲ್ಲಿ ಬಂದ ಹಾವಿನ ಆಟವನ್ನು ಆಡಿದವರಿಗೆ ಈಗ ನಡುವಯಸ್ಸು; ಆ ಚೌಕದ ಹಾವನ್ನು ಕಂಡರೆ ಅವರಿಗೆ ಅಕ್ಕರೆ ಹುಟ್ಟುವುದು ಸಹಜ. ಆದರೆ ಆ ಕಾಲದಲ್ಲಿ ಹುಟ್ಟದೆ ಇದ್ದವರೂ ಇಂಥ ಆಟಗಳನ್ನು ಮೆಚ್ಚುವುದರಿಂದ ಆ ಹೇತುವು ಸವ್ಯಭಿಚಾರ. ನಿಜವಾದ ಕಾರಣವು ಚುಕ್ಕಿಯ ಚಿತ್ರದಲ್ಲಿಯೇ ಇದೆ. ಹಳೆಯ ಯಂತ್ರದಲ್ಲಿ ಚುಕ್ಕಿಗಳೂ ಬಣ್ಣಗಳೂ ಎಣಿಕೆಯವು. ಆದುದರಿಂದ ಪ್ರತಿಯೊಂದು ಚುಕ್ಕಿಗೂ ಕೆಲಸವಿರಬೇಕಾಗಿತ್ತು. ಧಾರವಾಡದ ಕಡೆಯ ಹೆಣ್ಣುಮಕ್ಕಳು ಇಳಕಲ್ಲ ಸೀರೆಯ ಮೇಲೆ ಎಳೆ ಎಣಿಸಿ ಹಾಕುವ ಕಸೂತಿಯಲ್ಲಿ ಗೋಪುರ, ತೇರು, ಆನೆ, ನವಿಲುಗಳು ಮೂಡುವುದು ಇದೇ ರೀತಿಯಲ್ಲಿ. ಕಸೂತಿಯ ಆನೆಯನ್ನು ಕುದುರೆಯೆಂದು ಯಾರೂ ಭ್ರಮಿಸುವುದಿಲ್ಲ. ನಿಜವಾದ ಆನೆಯಂತೆಯೂ ಅದಿಲ್ಲ. ಆಟಕ್ಕೆ ಬೇಕಾದುದು ಈ ಪ್ರಸಾದಗುಣವೇ. ಗೋಡೆಯು ಗೋಡೆಯಾಗಿ, ಮೆಟ್ಟತಕ್ಕ ನೆಲವು ನೆಲವಾಗಿ, ಒಂದು ನೋಟಕ್ಕೆ ತಿಳಿಯಬೇಕು. ಛಾಯಾಚಿತ್ರದಷ್ಟು ನಯವಾದ ಆಟಗಳಲ್ಲಿ ಯಾವ ಬಾಗಿಲು ತೆರೆಯುವುದು, ಯಾವುದು ಬರಿಯ ಬಣ್ಣ, ಎಂಬುದೇ ತಿಳಿಯದೆ ಆಡುವವನು ಗೋಡೆಗಳನ್ನು ತಡವುವನು; ಅದು ಕ್ಲಿಷ್ಟತ್ವದೋಷ.

1980ರ ‘ಪ್ಯಾಕ್‌ಮ್ಯಾನ್’ ಆಟದ ನಾಲ್ಕು ಭೂತಗಳನ್ನು ಬಣ್ಣವೊಂದರಿಂದಲೇ ಗುರುತಿಸಬಹುದು. ಕೆಂಪಿನದು ಆಡುವವನಿರುವ ಮನೆಗೇ ನುಗ್ಗುವುದು; ನಸುಗೆಂಪಿನದು ಅವನಿಗಿಂತ ನಾಲ್ಕು ಮನೆ ಮುಂದಕ್ಕೆ ಹೊಂಚುಹಾಕುವುದು. ಬಣ್ಣವೇ ಸ್ವಭಾವಕ್ಕೆ ಸೂಚಕವಾಯಿತು. ಯಕ್ಷಗಾನದ ಬಣ್ಣದ ವೇಷದಲ್ಲಿಯೂ ನಡೆಯುವುದು ಇದೇ. ಆದರೆ ಹಳೆಯ ಆಟಗಳಲ್ಲಿ ಒಂದು ಕ್ರೌರ್ಯವೂ ಇತ್ತು. ಅವು ಅಂಗಡಿಗಳಲ್ಲಿ ನಾಣ್ಯ ನುಂಗುವ ಯಂತ್ರಗಳಾಗಿದ್ದುದರಿಂದ ಆಡುವವನು ಬೇಗನೆ ಸಾಯುವುದು ಅಂಗಡಿಯವನಿಗೆ ಬೇಕಾಗಿತ್ತು. ಈಗಿನ ಒಳ್ಳೆಯ ರೆಟ್ರೋ ಆಟಗಳು ಹಳೆಯ ಸ್ಪಷ್ಟತೆಯನ್ನು ಉಳಿಸಿಕೊಂಡು ಹಳೆಯ ಲೋಭವನ್ನು ಬಿಟ್ಟಿರುವುವು. 2018ರ ‘ಸೆಲೆಸ್ಟ್’ ಎಂಬುದರಲ್ಲಿ ಬೆಟ್ಟವನ್ನು ಹತ್ತುವ ಹುಡುಗಿಯು ನೂರು ಸಲ ಬಿದ್ದರೂ ಅದೇ ಕ್ಷಣದಲ್ಲಿ ಅದೇ ಎಡೆಯಿಂದ ಮತ್ತೆ ಏಳುವಳು. ಬಂಡೆಯ ಅಂಚನ್ನು ಕಾಲು ಬಿಟ್ಟ ಅತ್ಯಲ್ಪ ಕಾಲದವರೆಗೂ ನೆಗೆಯಲು ಅವಕಾಶವುಂಟು. ಇದು ದಯೆಯೇ, ಆದರೆ ಮೇಲೆ ಹೇಳಿದ ದಯೆಯಂಥದಲ್ಲ. ಕಣ್ಣಿಗೂ ಬೆರಳಿಗೂ ಇರುವ ಅಂತರವನ್ನು ತುಂಬುವ ಸಂಸ್ಕಾರಮಾತ್ರ. ಇನ್ನು ಕೆಲವರು ಚುಕ್ಕಿಯ ಚಿತ್ರವನ್ನು ಅಂಗಿಯಂತೆ ತೊಡಿಸಿ, ಒಳಗೆ ಗುಪ್ತವಾದ ದಾಳಗಳನ್ನೂ ಮುಗಿಯದ ಅಲೆದಾಟವನ್ನೂ ಇಟ್ಟಿರುವರು. ಹಳಗನ್ನಡದ ನಾಲ್ಕು ಪದಗಳನ್ನು ಸೇರಿಸಿದ ಮಾತ್ರಕ್ಕೆ ಚಂಪೂಕಾವ್ಯವಾಗದಷ್ಟೆ.

ಈ ಆಟಗಳಲ್ಲಿ ತಾರತಮ್ಯವನ್ನೂ ಹೇಳಬೇಕು. ಒಗಟು ಬಿಡಿಸಿದೊಡನೆ ಸಾಯುವುದು. ಸೊಕೊಬಾನಿನ ಒಂದು ಹಂತವನ್ನು ಬಿಡಿಸಿದ ಮೇಲೆ ಮತ್ತೆ ಆಡುವುದು ಕೈಬಾಯಿಪಾಠವೇ ಹೊರತು ಕ್ರೀಡೆಯಲ್ಲ. ಈ ಅಂಶದಲ್ಲಿ ಆಲಂಕಾರಿಕರ ಮಾತು ಗೆಲ್ಲುವುದು. ನೂರು ಸಲ ಓದಿದರೂ ಹಳಸದ ಕಾವ್ಯದ ಪಕ್ಕದಲ್ಲಿ ಒಗಟನ್ನು ಕೂರಿಸಲಾಗದು. ವ್ಯೂಹದ ಆಟವು ಹಾಗಲ್ಲ. ಹುಲಿ ಕುರಿಯ ಆಟದಲ್ಲಿ ಗೆರೆಗಳು ಅವೇ, ಹುಲಿಗಳು ಅವೇ. ಎದುರಾಳಿಯು ಬದಲಾದರೆ ಆಟವೂ ಹೊಸದು. ಆದುದರಿಂದ ಹಿಂದಿನ ನಡೆಯನ್ನು ಅಳಿಸಿ ಮತ್ತೆ ಆಡುವ ಅನುಕೂಲವು ಒಗಟಿನಲ್ಲಿ ದೋಷವಲ್ಲ, ಅದು ಪಾಟಿಯ ಮೇಲೆ ಬರೆದು ಒರಸಿದಂತೆ. ವ್ಯೂಹದಲ್ಲಿಯಾದರೋ ಇಟ್ಟ ಹೆಜ್ಜೆಗೆ ಭಾರವಿರಬೇಕು. ‘ಇನ್‌ಟು ದಿ ಬ್ರೀಚ್’ ಒಂದು ಕಾಳಗಕ್ಕೆ ಒಂದೇ ಸಲ ಸರದಿಯನ್ನು ಹಿಂತೆಗೆಯಲು ಬಿಟ್ಟಿರುವುದು ಔಚಿತ್ಯವನ್ನರಿತ ಏರ್ಪಾಡು.

ದ್ಯೂತದ ಶಂಕೆಯನ್ನು ಸಂಕ್ಷೇಪವಾಗಿ ಪರಿಹರಿಸಿ ಮುಂದುವರಿಯಬಹುದು. ಕರ್ನಾಟಕದ ವಿಧಾನಮಂಡಲವು 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಲು, ಮರುವರ್ಷ ಹೈಕೋರ್ಟು ಆ ತಿದ್ದುಪಡಿಯ ಮುಖ್ಯಭಾಗಗಳನ್ನು ರದ್ದುಮಾಡಿತು. ಆಗ ಚರ್ಚೆಯೆಲ್ಲವೂ ಕೌಶಲದ ಆಟವೇ, ಅದೃಷ್ಟದ ಆಟವೇ, ಎಂಬುದರ ಸುತ್ತ ತಿರುಗಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವು ಕೌಶಲ ಅದೃಷ್ಟಗಳ ಭೇದವನ್ನು ಬಿಟ್ಟು ಪಣವನ್ನೇ ಲಕ್ಷಣವಾಗಿ ಹಿಡಿಯಿತು. ಯಾಜ್ಞವಲ್ಕ್ಯಸ್ಮೃತಿಯ ದ್ಯೂತಪ್ರಕರಣವೂ, ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಪ್ರಸಿದ್ಧನಾದ ವಿಜ್ಞಾನೇಶ್ವರನು ಅದಕ್ಕೆ ಬರೆದ ಮಿತಾಕ್ಷರೆಯೂ ಪಣವನ್ನು ಮುಂದಿಟ್ಟುಕೊಂಡೇ ಹೊರಟಿರುವುವು. ಇಲ್ಲಿ ವಿಚಾರಿಸಿದ ಆಟಗಳಲ್ಲಿ ಪಣವೇ ಇಲ್ಲ. ಇವುಗಳಿಂದ ಹೋಗುವುದು ಕಾಲವೊಂದೇ. ಅದು ವ್ಯರ್ಥವೋ ಅಲ್ಲವೋ ಎಂಬುದು ಆಟದ ಮೇಲೆ ಎಷ್ಟೋ ಆಡುವವನ ಮೇಲೆಯೂ ಅಷ್ಟೇ ನಿಂತಿದೆ.

ಕಡೆಗೆ ಒಂದು ಆಟವನ್ನು ವೈಯಾಕರಣರ ಗಮನಕ್ಕೆ ತರಬೇಕಾಗಿದೆ. ಫಿನ್‌ಲೆಂಡಿನ ಆರ್ವಿ ಟೆಯ್ಕಾರಿ ಎಂಬವರು 2019ರಲ್ಲಿ ಹೊರತಂದ ‘ಬಾಬಾ ಈಸ್ ಯೂ’ ಎಂಬುದು ಸೊಕೊಬಾನಿನ ಸಂತಾನ. ಆದರೆ ಇಲ್ಲಿ ತಳ್ಳಬೇಕಾದ ಪೆಟ್ಟಿಗೆಗಳು ಪದಗಳು. ‘ವಾಲ್’, ‘ಈಸ್’, ‘ಸ್ಟಾಪ್’ ಎಂಬ ಮೂರು ಪದಗಳು ಸಾಲಾಗಿ ನಿಂತಿರುವವರೆಗೆ ಗೋಡೆಯು ತಡೆಯುವುದು. ಒಂದು ಪದವನ್ನು ಪಕ್ಕಕ್ಕೆ ತಳ್ಳಿದರೆ ವಾಕ್ಯವು ಮುರಿದು ಗೋಡೆಯೊಳಗಿಂದಲೇ ನಡೆದುಹೋಗಬಹುದು. ವಸ್ತುವಿನ ಹೆಸರಿಗೆ ಗುಣವನ್ನು ಸೇರಿಸಿದರೆ ವಿಧಿ. ಒಂದು ವಸ್ತುವಿನ ಹೆಸರಿಗೆ ಇನ್ನೊಂದು ವಸ್ತುವಿನ ಹೆಸರನ್ನು ಸೇರಿಸಿದರೆ ಮೊದಲನೆಯದು ಎರಡನೆಯದಾಗಿ ಮಾರ್ಪಡುವುದು, ಎಂದರೆ ಸ್ಥಾನಿಗೆ ಆದೇಶ. ‘ಗೋಡೆಯು ಗೋಡೆಯೇ’ ಎಂದು ವಾಕ್ಯವನ್ನು ಕಟ್ಟಿದರೆ ಬೇರೆ ಆದೇಶವು ಅದಕ್ಕೆ ತಗಲುವುದಿಲ್ಲ, ಅದು ಬಾಧಕಸೂತ್ರ. ಅಷ್ಟಾಧ್ಯಾಯಿಯಲ್ಲಿ ಹತ್ತು ವರ್ಷ ತಿರುಗಾಡಿದವನಿಗೆ ಈ ಆಟವು ಹುಟ್ಟೂರಿನಂತೆ ಕಾಣುವುದು. ನಿಯಮವನ್ನು ಪಾಲಿಸಿ ಗೆಲ್ಲುವುದು ಉಳಿದ ಆಟಗಳಲ್ಲಿ. ಇಲ್ಲಿ ನಿಯಮವನ್ನೇ ನಿಯಮದಿಂದ ತಿದ್ದಿ ಗೆಲ್ಲಬೇಕು.

ಈ ಆಟವನ್ನು ಕನ್ನಡದಲ್ಲಿ ಕಟ್ಟುವುದಾದರೆ ಏನಾಗುವುದೆಂಬುದು ಕೇವಲ ಭಾಷಾಂತರದ ಪ್ರಶ್ನೆಯಲ್ಲ. ಇಂಗ್ಲಿಷಿನಲ್ಲಿ ‘ಈಸ್’ ಎಂಬುದು ನಡುವೆ ನಿಲ್ಲುವುದರಿಂದ ಅಡ್ಡಸಾಲಿನ ವಾಕ್ಯವೂ ಉದ್ದಸಾಲಿನ ವಾಕ್ಯವೂ ಅದೊಂದನ್ನೇ ನಡುವೆ ಹಂಚಿಕೊಂಡು ಕೂಡುಗೆರೆಯಂತೆ ನಿಲ್ಲಬಹುದು. ಎಷ್ಟೋ ಹಂತಗಳ ಗುಟ್ಟು ಇದೇ. ಕನ್ನಡದಲ್ಲಿ ನಾಮಪದಗಳೆರಡನ್ನು ಸೇರಿಸಿದರೆ ಸಾಕು, ಕ್ರಿಯಾಪದವು ಬೇಕಿಲ್ಲ: ‘ಗೋಡೆ ತಡೆ’. ಹಾಗೆ ಮಾಡಿದರೆ ಅಕಸ್ಮಾತ್ತಾಗಿ ಪಕ್ಕದಲ್ಲಿ ಬಂದ ಯಾವ ಎರಡು ಪದಗಳಾದರೂ ಸೂತ್ರವಾಗಿ ಹಾಸೆಲ್ಲ ಗೊಂದಲವಾಗುವುದು. ‘ಗೋಡೆ ತಡೆ ಆಗಲಿ’ ಎಂದು ಕ್ರಿಯೆಯನ್ನು ಕೊನೆಗಿಟ್ಟರೆ, ಎರಡು ವಾಕ್ಯಗಳು ಕೂಡುವ ಮನೆಯು ನಡುವನ್ನು ಬಿಟ್ಟು ಕೆಳಗಿನ ಬಲಮೂಲೆಗೆ ಹೋಗುವುದು. ಮೂಲೆಗೆ ಸೇರಿದ ಪೆಟ್ಟಿಗೆಯ ಗತಿಯು ಸೊಕೊಬಾನಿನಲ್ಲಿ ಗೊತ್ತಾಗಿಯೇ ಇದೆ. ಆದುದರಿಂದ ಕನ್ನಡದ ಆಟಕ್ಕೆ ಕನ್ನಡದ್ದೇ ಆದ ಹಾಸು ಬೇಕು.

ಅದರ ಸುಳಿವು ಪದಕ್ಕಿಂತ ಅಕ್ಷರದಲ್ಲಿ ದೊರೆಯುವಂತೆ ತೋರುತ್ತದೆ. ದಿನಪತ್ರಿಕೆಗಳ ಪದಬಂಧದಲ್ಲಿ ಒಂದು ಮನೆಗೆ ಗುಣಿತಸಹಿತವಾದ ಒಂದು ಅಕ್ಷರ. ತುರಗಬಂಧದಲ್ಲಿಯೂ ಹಾಗೆಯೇ ಇತ್ತು. ಆದರೆ ಚಿತ್ರಕಾವ್ಯದಲ್ಲಿ ಮಾತ್ರಾಚ್ಯುತಕವೆಂಬ ಇನ್ನೊಂದು ಜಾತಿಯುಂಟು. ಒಂದು ಸ್ವರಚಿಹ್ನೆಯನ್ನು ಕಳಚಿದೊಡನೆ ಬೇರೆ ಅರ್ಥವು ಹೊರಡುವುದು. ತಲಕಟ್ಟು, ಗುಡಿಸು, ಕೊಂಬುಗಳನ್ನು ಬೇರೆ ಬೇರೆ ಕಾಯಿಗಳಾಗಿ ಮಾಡಿ, ತಳ್ಳಿದಂತೆ ಅಕ್ಷರಕ್ಕೆ ಅಂಟುವ ಹಾಗೂ ಕಳಚುವ ಹಾಗೆ ಹಾಸನ್ನು ಕಟ್ಟಬಹುದು. ಹುಲಿಯ ಬಾಯಿಗೆ ಸಿಕ್ಕಲಿರುವ ‘ಕುರಿ’ಯ ಕೊಂಬನ್ನು ಪಕ್ಕಕ್ಕೆ ತಳ್ಳಿದರೆ ಅದು ‘ಕರಿ’. ಹುಲಿಯ ಎದುರಿಗೆ ಆನೆ ನಿಂತಿತು. ಕೊಂಬನ್ನು ಕಳಚಿದ ಮೇಲೆ ಆನೆಯಾಗುವುದೊಂದು ವಿನೋದವೇ. ಎದುರಾಳಿಯು ಸುಮ್ಮನಿರದೆ ಅದೇ ಉಪಾಯವನ್ನು ‘ಹುಲಿ’ಯ ಮೇಲೆ ನಡೆಸಿಕೊಂಡರೆ ಅದು ‘ಹಲಿ’ಯಾಗುವುದು, ಎಂದರೆ ನೇಗಿಲನ್ನು ಹಿಡಿದ ಬಲರಾಮ, ಆಗ ಆನೆಯ ಕಡೆಯವನು ಮತ್ತೊಂದು ನಡೆಯನ್ನು ಹುಡುಕಬೇಕು.